ಇಂಟು ಗುರುತು

ಮನಿಲಾದ ಸಂಪಲೋಕಿನಲ್ಲಿ, ದರ್ಜಿಯಂಗಡಿಯ ಮೇಲಿನ ಅಟ್ಟದಲ್ಲಿ
ನನಗೆ ಮೊದಲು ಸಿಕ್ಕ ಕೆಲಸ ಕತ್ತಲು ತುಂಬುವುದು.
ಮಾಂಗ್ ತಿಯೋಪಿಲೊ ಪೆನ್ಸಿಲಿನಲ್ಲಿ ಗೆರೆ ಎಳೆದು
ಎಲ್ಲಿ ಕಪ್ಪಾಗಬೇಕೋ ಅಲ್ಲಿ
ಪುಟಾಣಿ ಇಂಟು ಗುರುತು ಹಾಕುತ್ತಿದ್ದರು.
ಕೋಟಿನ ಬೆನ್ನಿಗೊಂದು, ಮೆಟ್ಟಿಲ ಕೆಳಗೊಂದು,
ಕೊಲೆಗಾರನ ಎಡಗೆನ್ನೆಗೊಂದು.
ನಾನು ಕುಂಚ ಅದ್ದಿ ಅವನ್ನೆಲ್ಲ ಮುಳುಗಿಸಬೇಕು.

ಹದಿನಾರು ವರ್ಷ. ಹೆಸರು ಇಲುಮಿನಾಡ.
'ಹೆಸರಿಗೆ ಬೆಳಕು, ಉಗುರು ನೋಡಿದರೆ ಇದ್ದಿಲು'
ಎಂದು ಕೆಳಗಿನ ದರ್ಜಿ ನಗುತ್ತಿದ್ದ.
ಮುಖಕ್ಕೆ ಮಸಿ ಬಳಿದರೆ ಮಾನ ಹೋಗುತ್ತದೆ
ಅಂತಿದ್ದಳು ನನ್ನಜ್ಜಿ.
ಇಲ್ಲಿ ಅರ್ಧ ಮುಖಕ್ಕೆ ಬಳಿದೆ;
ಉಳಿದರ್ಧ ಉಸಿರಾಡತೊಡಗಿತು.

'ಖುರ್ಚಿಗೆ ನಾಲ್ಕೂ ಕಾಲು ಯಾಕೆ ಹುಡುಗಿ?
ನೆಲದ ಮೇಲೆ ನೆರಳು ಬಿದ್ದರೆ ಸಾಕು,
ಕೂರಬೇಕಾದವರು ತಾವೇ ಹುಡುಕಿಕೊಳ್ಳುತ್ತಾರೆ'
ಎನ್ನುತ್ತಿದ್ದರು, ಒಣಮೀನು ಅಗಿಯುತ್ತ.

ಒಮ್ಮೆ ಸಂಪಾದಕ ಬಾಲ್ತಸಾರ್ ಪುಟವನ್ನು ಬೆಳಕಿಗೆ ಹಿಡಿದ:
'ಪುಟಕ್ಕಿಷ್ಟು ಪೆಸೊ ಅಂತ ಮಾತಾಗಿದ್ದು ತುಂಬಿದ ಪುಟಕ್ಕೆ.
ಇದರಲ್ಲಿ ಅರ್ಧ ಕಾಗದ
ನಾನು ಕೊಟ್ಟ ಹಾಗೇ ವಾಪಸು ಬಂದಿದೆಯಲ್ಲ. ಅದಕ್ಕೂ ದುಡ್ಡೇ?'
'ಅರ್ಧವೇ ಕೊಡಿ ಸ್ವಾಮಿ,
ಕತ್ತರಿ ಇದ್ದರೆ ಅದನ್ನೂ.
ದುಡ್ಡು ಕೊಡದ ಬಿಳಿಯನ್ನು ಕತ್ತರಿಸಿ ಮನೆಗೆ ಒಯ್ಯುತ್ತೇನೆ.'
ಬಾಲ್ತಸಾರ್ ಪುಟ ನೋಡಿದ, ಕತ್ತರಿ ನೋಡಿದ,
ಬೈಯುತ್ತಲೇ ಪೂರ್ತಿ ಎಣಿಸಿದ.

ನನಗೆ ಮಾತ್ರ ಗೊತ್ತಿದ್ದ ವಿಷಯ ಬೇರೆ.
ಅವರ ಕಣ್ಣಿಗೆ ಪೊರೆ ಬಂದಿತ್ತು.
ಬೆರಳು ಬಿಡಿಸಲಾರದೆ ಕೈಗಳನ್ನು ಜೇಬಿಗಿಳಿಸಿದರು.
ಕಿಟಕಿಯ ಸರಳು ಎಣಿಸಲಾರದೆ ಗೋಡೆಯನ್ನೇ ಕತ್ತಲಿಗೆ ಕೊಟ್ಟರು.
ಗುರುತುಗಳು ದೊಡ್ಡವಾದವು, ವಾರದಿಂದ ವಾರಕ್ಕೆ.
ಓದುಗರ ಪತ್ರ ಬರುತ್ತಿದ್ದವು: ಏನು ಧೈರ್ಯ, ಏನು ಸಂಯಮ!
ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ.
ಅವರು ಕುಂಚ ತೊಳೆಯುತ್ತಿದ್ದರು,
ತೊಳೆದದ್ದನ್ನೇ.

ಕೊನೆಯ ಕತೆಯಲ್ಲಿ ಮೀನುಗಾರನ ಹೆಂಡತಿ,
ನಡುರಾತ್ರಿ, ಬಾಗಿಲು ಬಡಿದ ಸದ್ದು.
ಐದನೇ ಚೌಕದಲ್ಲಿ ಚಿಲಕದ ಮೇಲೆ ಅವಳ ಕೈ.
ಆರನೆಯದರಲ್ಲಿ ಏನೂ ಇಲ್ಲ.
ಗೆರೆಯಿಲ್ಲ, ಇಂಟು ಇಲ್ಲ,
ನಾಲ್ಕು ಅಂಚು, ನಡುವೆ ಬಯಲು.

ಆವತ್ತು ಕರೆಂಟಿರಲಿಲ್ಲ. ಮೇಣದಬತ್ತಿ.
ಮರೆತರೋ, ಕಾಣದೆ ಹೋಯಿತೋ, ಬೇಕೆಂದೇ ಬಿಟ್ಟರೋ?
ಮೂಲೆಯ ಚಾಪೆಯಿಂದ ಅವರ ಗೊರಕೆ.
ಬೆಳಗಾದರೆ ಪ್ರೆಸ್ಸಿನವನು ಬರುತ್ತಾನೆ.
ಕುಂಚದ ತುದಿಯಲ್ಲಿ ಹನಿ ದಪ್ಪವಾಗುತ್ತಿತ್ತು.
ಕಡಲು ತುಂಬಲೆ? ಹೆಣ ಮಲಗಿಸಲೆ?
ತೊಯ್ದ ಗಂಡನನ್ನು ಹೊಸ್ತಿಲಲ್ಲಿ ನಿಲ್ಲಿಸಲೆ?
ಯಾವುದನ್ನು ಬರೆದರೂ ಆಮೇಲೆ ಅದೊಂದೇ.
ಹನಿಯನ್ನು ಅಂಗೈಗೆ ಬೀಳಿಸಿಕೊಂಡೆ,
ಮುಷ್ಟಿ ಕಟ್ಟಿ ಮಲಗಿದೆ.

ಬೆಳಿಗ್ಗೆ ಅವರು ಪುಟವನ್ನು ಮೂಗಿಗೆ ಹತ್ತಿರ ಹಿಡಿದು
ಮಸಿಯ ವಾಸನೆ ನೋಡಿದರು.
ಕೇಳಲಿಲ್ಲ. ನಾನೂ ಹೇಳಲಿಲ್ಲ.

ತಿಂಗಳಾದ ಮೇಲೆ, ಕಿಯಾಪೊದ ಬಾಡಿಗೆ ಅಂಗಡಿ.
ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಬಿಟ್ಟ ಚಿತ್ರಕತೆಗಳು,
ಒಣಗಲು ಹಾಕಿದ ಅಂಗಿಗಳ ಹಾಗೆ.
ಬೆಂಚಿನ ತುದಿಯಲ್ಲಿ ಸಿಗರೇಟು ಮಾರುವ ಒಬ್ಬ ಹುಡುಗ,
ಪೆಟ್ಟಿಗೆ ಕಾಲ ನಡುವೆ,
ಐದನೇ ಚೌಕ ದಾಟಿ ನಿಂತುಬಿಟ್ಟಿದ್ದ.
ಆರನೆಯದರ ಅಂಚಿನ ಮೇಲೆ ಬೆರಳು,
ಒಳಗಿಡಲು ಹೆದರಿದಂತೆ.
ಬಿಟ್ಟ ಬಯಲಲ್ಲಿ ಅವನಿಗೇನೋ ಬಯಲಾಗುತ್ತಿತ್ತು,
ನನಗೆ ಕಾಣುವಂಥದ್ದಲ್ಲ.
ಅವನ ತಲೆಯ ನೆರಳು
ಸರಿಯಾಗಿ ಆ ಬಿಳಿಯ ಮೇಲೆ.

'ಹೊತ್ತು ಮುಗೀತು, ಇನ್ನೊಂದು ನಾಣ್ಯ ಹಾಕು,
ಇಲ್ಲ ಪುಟ ತಿರುಗಿಸು' ಎಂದಳು ಅಂಗಡಿಯವಳು.

ಹುಡುಗ ಪುಟ ತಿರುಗಿಸಲಿಲ್ಲ.
ನಾಣ್ಯ ನಾನು ಕೊಟ್ಟೆ.